ಬೀದಿ, ಅಡುಗೆಮನೆ, ಬಸ್ ನಿಲ್ದಾಣದಲ್ಲಿ ನರ್ತಕರ ಫೋಟೊ: ಜಿಗಿತಕ್ಕೆ ಮುಂಚೆಯೇ ಮುಗಿಯಬೇಕಾದ ಕೆಲಸ

ಬಸ್ ನಿಲ್ದಾಣದಲ್ಲಿ ನರ್ತಕಿಯೊಬ್ಬರು ನೆಲ ಬಿಟ್ಟು ಮೇಲೇರಿದ್ದಾರೆ, ಪಕ್ಕದ ಬೆಂಚಿನಲ್ಲಿ ಕೂತವರು ಏನೂ ಆಗದವರಂತೆ ಮೊಬೈಲು ನೋಡುತ್ತಿದ್ದಾರೆ. ಇಂಥ ಫೋಟೊ ತೆಗೆಯಲು ಹೊರಟವರಲ್ಲಿ ಹೆಚ್ಚಿನವರು ತರುವ ಫೈಲುಗಳು ಒಂದೇ ಬಗೆಯವು: ಪಾದ ಮಸುಕು, ಮುಖದಲ್ಲಿ ತಿಣುಕಾಟ, ತಲೆಯಿಂದ ಮೊಳೆತಂತೆ ಒಂದು ಕಂಬ. ಬಳಿಕ ಎಲ್ಲರೂ ಕೇಳುವುದು ಶಟರ್ ಸ್ಪೀಡ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) ಎಷ್ಟಿಡಬೇಕಿತ್ತು ಎಂದು. ಶಟರ್ ಸ್ಪೀಡ್ ಈ ಕೆಲಸದ ಸುಲಭದ ಭಾಗ. ಎಡವುತ್ತಿರುವುದು ಕ್ರಮದಲ್ಲಿ.

ಜಿಗಿತವೆಂದರೆ ಎಣಿಸಿ ಖರ್ಚು ಮಾಡಬೇಕಾದ ಸರಕು. ರಂಗಮಂದಿರದ ಮರದ ನೆಲಕ್ಕಿರುವ ಪುಟಿತ ಕಾಂಕ್ರೀಟಿಗಿಲ್ಲ, ಪ್ರತಿ ಇಳಿತದ ಪೆಟ್ಟೂ ನೇರ ಮೊಣಕಾಲಿಗೆ. ಮೈ ದಣಿಯುವುದಕ್ಕೂ ಮೊದಲೇ ಮುಖದ ಖುಷಿ ಬತ್ತುತ್ತದೆ. ಬೆಳಕು, ಫೋಕಸ್, ಹಿನ್ನೆಲೆ ಇವನ್ನೆಲ್ಲ ಜಿಗಿತ ನಡೆಯುತ್ತಿರುವಾಗ ಸರಿಮಾಡಿಕೊಳ್ಳುತ್ತ ಹೋದರೆ ಅತ್ಯುತ್ತಮವಾದ ಮೊದಲ ಹತ್ತು ಜಿಗಿತ ಪರೀಕ್ಷೆಗೇ ಮುಗಿದುಹೋಗುತ್ತವೆ. ಎಲ್ಲ ಸಜ್ಜಾಗುವ ಹೊತ್ತಿಗೆ ನರ್ತಕರ ಬಳಿ ಉಳಿದಿರುವುದು ಸೌಜನ್ಯ ಮಾತ್ರ. ಆದ್ದರಿಂದ ಇಲ್ಲಿಯ ಹಂತಗಳಲ್ಲಿ ನರ್ತಕರ ಕಾಲು ನೆಲ ಬಿಡುವುದು ಏಳನೆಯದರಲ್ಲಿ. ಅದಕ್ಕೆ ಮುಂಚಿನ ಆರನ್ನು ಹಾರಿಸಿ ಓದಿದರೆ ಹಳೆಯ ಫೋಟೊಗಳೇ ಮತ್ತೆ ಬರುತ್ತವೆ.

## ಜೊತೆಗಿರಬೇಕಾದ ಸಾಮಾನು

ಕ್ಯಾಮೆರಾ ದುಬಾರಿಯದೇ ಆಗಬೇಕಿಲ್ಲ, ಶಟರ್ ಸ್ಪೀಡನ್ನು ನಾವೇ ನಿಗದಿ ಮಾಡಲು ಬಂದರೆ ಸಾಕು. ಮೊಬೈಲಾದರೆ ಪ್ರೊ ಮೋಡ್ ಇರಬೇಕು, ಇಲ್ಲವೇ ಶಟರ್ ಸ್ಪೀಡ್ ಬದಲಿಸಲು ಬಿಡುವ ಆ್ಯಪ್ ಹಾಕಿಕೊಳ್ಳಬೇಕು.

ಫುಲ್‌ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾಕ್ಕೆ 35 ಎಂಎಂ ಲೆನ್ಸ್, ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾಕ್ಕೆ 23 ಅಥವಾ 24 ಎಂಎಂ. ಜಾಗ ಕಾಣಬೇಕು, ಕೈಕಾಲು ಎಳೆದಂತೆ ಆಗಬಾರದು; ಎರಡಕ್ಕೂ ಹೊಂದುವ ಅಗಲ ಇದು. 85 ಎಂಎಂ ಲೆನ್ಸಿನಲ್ಲಿ ಮುಖ ಸೊಗಸಾಗಿ ಬರುತ್ತದೆ, ಆದರೆ ಬಸ್ ನಿಲ್ದಾಣ ಕರಗಿ ಬಣ್ಣದ ಗಸಿಯಾಗುತ್ತದೆ. ಹಾಗೆ ಕರಗಿಸುವುದಾದರೆ ಬಸ್ ನಿಲ್ದಾಣಕ್ಕೆ ಬಂದದ್ದೇಕೆ?

ಉಳಿದಂತೆ ನೆಲದ ಮೇಲೆ ಗುರುತು ಹಾಕಲು ಸೀಮೆಸುಣ್ಣ, ನೆಲವನ್ನೂ ಪಾದವನ್ನೂ ಒರೆಸಲು ಎರಡು ಒಣ ಬಟ್ಟೆ, ಮೈ ಬಿಸಿಮಾಡಿಕೊಳ್ಳಲು ಯೋಗ ಮ್ಯಾಟ್, ಕುಡಿಯುವ ನೀರು, ಇನ್ನೊಂದು ಬ್ಯಾಟರಿ, ಕನಿಷ್ಠ 64 ಜಿಬಿಯ ವೇಗದ ಕಾರ್ಡು. ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಸಹಾಯಕ. ಫೋಟೊ ತೆಗೆಯುವವರ ಕಣ್ಣು ಕ್ಯಾಮೆರಾದಲ್ಲಿ, ನರ್ತಕರ ಗಮನ ತಮ್ಮ ಮೈಯಲ್ಲಿ. ಹಿಂದಿನಿಂದ ಬರುವ ಸೈಕಲನ್ನು ನೋಡುವವರು ಬೇರೆಯೇ ಬೇಕು. ಸಹಾಯಕರ ಕೈಗೆ ರಿಫ್ಲೆಕ್ಟರ್ (ಬೆಳಕು ತಿರುಗಿಸುವ ಹಲಗೆ) ಕೊಟ್ಟು ಈ ಕೆಲಸ ತಪ್ಪಿಸಬೇಡಿ.

## ಹಂತ 1: ಭಂಗಿಗೆ ಮುಂಚೆ ಕೆಲಸವೊಂದನ್ನು ಆರಿಸಿ

ಬಹುತೇಕ ಫೋಟೊಗಳು ಇಲ್ಲೇ ಸೋಲುತ್ತವೆ, ಕ್ಯಾಮೆರಾ ಚೀಲದಿಂದ ಹೊರಬರುವ ಮೊದಲೇ. ರಂಗದ ಮೇಲೆ ಮಾಡುವ ಸುಂದರ ಜಿಗಿತವೊಂದನ್ನು ತಂದು ತರಕಾರಿ ಅಂಗಡಿಯ ಮುಂದೆ ಇಟ್ಟರೆ ಕಾಣುವುದು ಅಂಗಡಿ ಬೇರೆ, ಜಿಗಿತ ಬೇರೆ. ಹಿಂದಿನ ಗೋಡೆ ಬದಲಿಸಿದರೂ ವ್ಯತ್ಯಾಸವಾಗದ ಫೋಟೊ ಅದು.

ಮೊದಲು ಆ ಜಾಗದಲ್ಲಿ ಜನ ನಿಜವಾಗಿ ಮಾಡುವ ಕೆಲಸಗಳ ಪಟ್ಟಿ ಮಾಡಿ, ಒಂದೊಂದನ್ನೂ ಕ್ರಿಯಾಪದವಾಗಿ ಬರೆಯಿರಿ: ಬಟ್ಟೆ ಒಣಹಾಕುವುದು, ಬಸ್ಸಿಗೆ ಓಡುವುದು, ನೆಲ ಒರೆಸುವುದು, ಕಪಾಟಿನ ಮೇಲಿನ ಡಬ್ಬಿ ತೆಗೆಯುವುದು, ಕೊಡೆ ಬಿಚ್ಚುವುದು, ಮಗುವನ್ನು ಎತ್ತಿಕೊಳ್ಳುವುದು. ಪ್ರತಿಯೊಂದರಲ್ಲೂ ದೇಹ ಎತ್ತ ಎಳೆಯುತ್ತದೆ ನೋಡಿ. ಡಬ್ಬಿಗೆ ಕೈ ಚಾಚಿದಾಗ ಮೈ ಮೇಲಕ್ಕೆ, ನೆಲ ಒರೆಸುವಾಗ ಮುಂದಕ್ಕೆ, ಕೊಡೆಯನ್ನು ಗಾಳಿ ಹಿಡಿದಾಗ ಹಿಂದಕ್ಕೆ. ನೃತ್ಯ ಆ ಎಳೆತವನ್ನೇ ಅತಿಮಾಡಬೇಕು. ಡಬ್ಬಿಗೆ ಚಾಚಿದ ಕೈ ಹಾಗೇ ಇದ್ದು ಇನ್ನೊಂದು ಕಾಲು ಹಿಂದೆ ತಲೆಯೆತ್ತರಕ್ಕೆ ಏರಿದರೆ ಕೆಲಸವೂ ಉಳಿಯಿತು, ನೃತ್ಯವೂ ಬಂತು.

ಪರೀಕ್ಷೆ ಸುಲಭ. ನಡೆಯುತ್ತಿರುವುದನ್ನು ಒಂದು ವಾಕ್ಯದಲ್ಲಿ ಹೇಳಿ. “ಹಾರಿಹೋದ ಪತ್ರವನ್ನು ಹಿಡಿಯುತ್ತಿದ್ದಾರೆ” ಎಂದರೆ ಮುಂದುವರಿಯಬಹುದು. “ರಸ್ತೆಯಲ್ಲಿ ಜಿಗಿಯುತ್ತಿದ್ದಾರೆ” ಎಂದಷ್ಟೇ ಹೇಳಲು ಬಂದರೆ ಇನ್ನೂ ಏನೂ ಸಿಕ್ಕಿಲ್ಲ.

ಇಂಥ ಎರಡು ಮೂರು ವಾಕ್ಯ ಹಿಡಿದು ನರ್ತಕರೊಂದಿಗೆ ಕುಳಿತುಕೊಳ್ಳಿ. ಚಲನೆ ಅವರಿಂದ ಬರಲಿ, ಅವರ ಮೈಗೆ ಏನು ಸಲೀಸು ಎಂದು ಅವರಿಗೇ ಗೊತ್ತು. ಆಯಾ ಪ್ರಕಾರದಲ್ಲಿ ಯಾವುದನ್ನು ತಪ್ಪೆನ್ನುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಬ್ಯಾಲೆಯವರು ಪಾದದ ತುದಿ ಚಾಚಿಲ್ಲದ ಫೋಟೊವನ್ನು ಒಪ್ಪುವುದಿಲ್ಲ, ಭರತನಾಟ್ಯದವರ ಕಣ್ಣು ಬೆರಳಿಗೂ ಮಂಡಿಯ ಬಾಗಿಗೂ ಹೋಗುತ್ತದೆ, ಹಿಪ್‌ಹಾಪ್‌ನವರಿಗೆ ಚಾಚಿದ ಪಾದವೇ ವಿಚಿತ್ರ.

## ಹಂತ 2: ನೆಲ, ಜಾಗ, ಅನುಮತಿ

ಜಾಗ ನೋಡುವಾಗ ಕಣ್ಣು ಮೊದಲು ಕೆಳಕ್ಕೆ ಹೋಗಲಿ. ನರ್ತಕರು ಇಳಿಯುವ ಜಾಗದ ಸುತ್ತ ಎರಡು ಮೀಟರ್‌ವರೆಗೆ ಅಂಗೈಯಿಂದ ನೆಲ ಸವರಿ. ಸಣ್ಣ ಕಲ್ಲು, ಮರಳು, ಎಣ್ಣೆ, ತೇವ ಇದ್ದರೆ ಒರೆಸಿ. ಒರೆಸಿ ಹೋಗದಿದ್ದರೆ ಜಾಗ ಬದಲಿಸಿ. ನುಣುಪು ಟೈಲ್ಸಿನ ಮೇಲೆ ಸಾಕ್ಸ್ ಹಾಕಿ ಜಿಗಿಯಲೇಬಾರದು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ನಿಮ್ಮ ಅಂಗೈಯನ್ನು ಐದು ಸೆಕೆಂಡು ಇಡಲು ಆಗದಿದ್ದರೆ ಬರಿಗಾಲಿನ ಮಾತು ಬಿಟ್ಟುಬಿಡಿ. ಒರಟು ಸಿಮೆಂಟು ಬ್ಯಾಲೆಯ ಪಾಯಿಂಟ್ ಶೂಗಳ ತುದಿಯನ್ನು ಬೇಗ ತಿಂದುಹಾಕುತ್ತದೆ, ಹಳೆಯ ಜೋಡಿ ತರಲು ಹೇಳಿ.

ಮನೆಯೊಳಗಾದರೆ ತಲೆಯ ಮೇಲೂ ನೋಡಬೇಕು. 170 ಸೆಂಟಿಮೀಟರ್ ಎತ್ತರದವರು ಕೈ ಮೇಲೆತ್ತಿ ಅರ್ಧ ಮೀಟರ್ ಜಿಗಿದರೆ ಬೆರಳು ಸುಮಾರು 2.7 ಮೀಟರ್ ಎತ್ತರಕ್ಕೆ ಹೋಗುತ್ತದೆ. ಫ್ಯಾನು ಅಲ್ಲೇ ಎಲ್ಲೋ ಇರುತ್ತದೆ. ಅದನ್ನು ನಿಲ್ಲಿಸಿದರೆ ಸಾಲದು, ಅದರ ಕೆಳಗಿನಿಂದಲೇ ಸರಿಯಬೇಕು.

ರೈಲು ಹಳಿ, ತಾರಸಿಯ ಅಂಚು, ವಾಹನ ಓಡುವ ರಸ್ತೆಯ ನಡುಭಾಗ ಬೇಡ. ನರ್ತಕರೇ ಮುಂದೆ ಬಂದು ಒಪ್ಪಿದರೂ ಬೇಡ.

ಖಾಸಗಿ ಜಾಗಕ್ಕೆ ಅದರ ಮಾಲೀಕರ ಒಪ್ಪಿಗೆ ಬೇಕು. ನಿಲ್ದಾಣ, ಗ್ರಂಥಾಲಯದಂಥ ಕಡೆ ಟ್ರೈಪಾಡ್ ಇಟ್ಟ ಕೂಡಲೇ ನಿಯಮ ಬದಲಾಗುವುದುಂಟು, ಮೊದಲೇ ವಿಚಾರಿಸಿ. ಫೋಟೊ ಎಲ್ಲೆಲ್ಲಿ ಬಳಕೆಯಾಗುತ್ತದೆ ಎಂಬುದನ್ನು ಬರೆದು ನರ್ತಕರ ಸಹಿ ಪಡೆಯಿರಿ, ಅವರು ಅಪ್ರಾಪ್ತರಾದರೆ ಪೋಷಕರ ಸಹಿ. ಹಿನ್ನೆಲೆಯಲ್ಲಿ ಮುಖ ಸ್ಪಷ್ಟವಾಗಿ ಕಾಣುವ ದಾರಿಹೋಕರನ್ನು ಫೋಟೊ ತೆಗೆದ ಕೂಡಲೇ ಮಾತಾಡಿಸಿ. ಬೇಡವೆಂದರೆ ಆ ಫ್ರೇಮನ್ನು ಅವರೆದುರೇ ಅಳಿಸಿ, ವಾದಕ್ಕಿಳಿಯಬೇಡಿ.

## ಹಂತ 3: ಬೆಳಕು ನೋಡಿ, ಹಿನ್ನೆಲೆ ತೆರವು ಮಾಡಿ

ನಿಮಗೆ ಬೇಕಾದ ಶಟರ್ ಸ್ಪೀಡು ಸಿಗುತ್ತದೋ ಇಲ್ಲವೋ ಎಂಬುದನ್ನು ಬೆಳಕೇ ತೀರ್ಮಾನಿಸುತ್ತದೆ. ಅಂದಾಜಿಗೆ ಈ ಲೆಕ್ಕ ಇಟ್ಟುಕೊಳ್ಳಿ. ನೇರ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್ 4 ಇಟ್ಟರೆ 1/2000 ಸೆಕೆಂಡು ಸಿಗುತ್ತದೆ. ಕಟ್ಟಡದ ನೆರಳಿದ್ದು ಮೇಲೆ ತೆರೆದ ಆಕಾಶವಿದ್ದರೆ ಐಎಸ್‌ಒ 400ರಲ್ಲಿ 1/1000. ಕಿಟಕಿಯ ಪಕ್ಕ, ಹಗಲಿನ ಬೆಳಕಲ್ಲಿ, ಎಫ್ 2.8ಕ್ಕೆ ತೆರೆದು ಐಎಸ್‌ಒ 6400ಕ್ಕೆ ಏರಿಸಿದರೆ 1/1000ಕ್ಕೆ ಹೇಗೋ ಮುಟ್ಟಬಹುದು. ಸಂಜೆ ಮನೆಯ ದೀಪಗಳಷ್ಟೇ ಇದ್ದರೆ ಅದೇ ಸೆಟ್ಟಿಂಗಿನಲ್ಲಿ 1/250ರ ಆಸುಪಾಸು. ಅದು ಜಿಗಿತಕ್ಕೆ ಸಾಲದು. ಅಲ್ಲಿ ಹಟ ಹಿಡಿಯುವ ಬದಲು ನಿಂತು ಹಿಡಿಯಬಲ್ಲ ಭಂಗಿಗೆ ಬದಲಿಸಿ, ಇಲ್ಲವೇ ಬೆಳಿಗ್ಗೆ ಬನ್ನಿ.

ನೆತ್ತಿಯ ಬಿಸಿಲು ಕಣ್ಣಿನ ಗುಳಿಗಳನ್ನು ಕಪ್ಪಾಗಿಸಿ ನಗುವ ಮುಖವನ್ನೂ ಸಿಡುಕಿನದಾಗಿ ತೋರಿಸುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲು ಒಳ್ಳೆಯದು. ನೆಲದ ಮೇಲೆ ಬೀಳುವ ನೆರಳು ಪಾದದಿಂದ ಬೇರೆಯಾಗಿ ಕಾಣುವುದರಿಂದ ಜಿಗಿತದ ಎತ್ತರಕ್ಕೆ ಅದೇ ಸಾಕ್ಷಿಯಾಗುತ್ತದೆ.

ಟ್ಯೂಬ್‌ಲೈಟ್, ಎಲ್‌ಇಡಿ ದೀಪಗಳ ಕೆಳಗೆ ಇನ್ನೊಂದು ತೊಡಕುಂಟು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅವುಗಳ ಬೆಳಕು ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇರುವಲ್ಲಿ 120 ಸಲ ಏರಿಳಿಯಬಹುದು. 1/1000ದಲ್ಲಿ ಆ ಏರಿಳಿತದ ಒಂದು ತುಣುಕಷ್ಟೇ ಫೋಟೊಗೆ ಬರುವುದರಿಂದ ಒಂದು ಫ್ರೇಮು ಬೆಳಗಿದರೆ ಮುಂದಿನದು ಕಂದುತ್ತದೆ, ಕೆಲವೊಮ್ಮೆ ಅಡ್ಡಪಟ್ಟಿಗಳೂ ಮೂಡುತ್ತವೆ. ಕ್ಯಾಮೆರಾದಲ್ಲಿ ಆ್ಯಂಟಿ-ಫ್ಲಿಕರ್ ಆಯ್ಕೆ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಕಿಟಕಿಯ ಕಡೆ ಸರಿಯಿರಿ.

ಹಿನ್ನೆಲೆಯಲ್ಲಿ ನೋಡಬೇಕಾದದ್ದು ಒಂದೇ: ಜಿಗಿದಾಗ ತಲೆ, ಕೈ, ಪಾದ ಎಲ್ಲಿಗೆ ಬರುತ್ತವೋ ಆ ಜಾಗಗಳು ಖಾಲಿಯಿವೆಯೇ? ನಿಂತಾಗ ತಲೆಯ ಹಿಂದಿರುವ ಜಾಗ ಜಿಗಿದಾಗ ತಲೆಯ ಹಿಂದೆ ಇರುವುದಿಲ್ಲ, ಇದನ್ನು ಮರೆತವರಿಗೇ ಕಂಬ ಸಿಗುವುದು. ಕಪ್ಪು ಉಡುಪು ಕಪ್ಪು ಬಾಗಿಲ ಮುಂದೆ ಬಂದರೆ ಚಾಚಿದ ಕಾಲೇ ಕಾಣೆಯಾಗುತ್ತದೆ. ಹಾಗೆಂದು ಎಲ್ಲವನ್ನೂ ಗುಡಿಸಿ ಖಾಲಿ ಮಾಡಬೇಡಿ. ಬಕೆಟ್ಟು, ಚಪ್ಪಲಿಯ ಸಾಲು, ಅರ್ಧ ತೆರೆದ ಬಾಗಿಲು ಇರಲಿ. ದಿನನಿತ್ಯದ ಜಾಗ ಎನ್ನಿಸುವುದು ಅವುಗಳಿಂದಲೇ. ದೇಹದ ಹೊರಗೆರೆಗೆ ತಾಗುವಂಥವು ಮಾತ್ರ ಸರಿಯಬೇಕು.

## ಹಂತ 4: ಸೆಟ್ಟಿಂಗ್ ಕಟ್ಟಿಹಾಕಿ

ಮ್ಯಾನ್ಯುವಲ್ ಮೋಡ್‌ಗೆ ಬನ್ನಿ. ಜಿಗಿತಕ್ಕೆ 1/1000 ಸೆಕೆಂಡಿನಿಂದ ಶುರುಮಾಡಿ; ಕೈ ಬೀಸುವ, ಕೂದಲು ಹಾರುವ ಚಲನೆಗೆ 1/1600 ಅಥವಾ 1/2000. ಮುಂಡ ಹೆಚ್ಚು ಚಲಿಸದ ಕ್ಷಣದಲ್ಲೂ ಕೈ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸುತ್ತಿರಬಹುದು. 1/250ರಲ್ಲಿ ಆ ಕೈ 2 ಸೆಂಟಿಮೀಟರ್ ಸರಿಯುತ್ತದೆ, ಬೆರಳುಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. 1/1000ದಲ್ಲಿ ಸರಿಯುವುದು ಅರ್ಧ ಸೆಂಟಿಮೀಟರ್. ಮುಖ ಸ್ಪಷ್ಟವಾಗಿದ್ದು ಬೆರಳು ಮಾತ್ರ ಮಸುಕಾಗುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ಅಪರ್ಚರ್ ಎಫ್ 4. ಹೊರಗೆ ಬೆಳಕು ಸಾಕಷ್ಟಿದ್ದರೆ ಎಫ್ 5.6. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸನ್ನು ಎಫ್ 4ರಲ್ಲಿ ಇಟ್ಟು 5 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 3.4 ಮೀಟರಿನಿಂದ 9.8 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. ನರ್ತಕರು ಒಂದು ಹೆಜ್ಜೆ ಹಿಂದುಮುಂದಾದರೂ ಚಿಂತೆಯಿಲ್ಲ. ಅದೇ 5 ಮೀಟರಿಗೆ 85 ಎಂಎಂ ಲೆನ್ಸನ್ನು ಎಫ್ 1.8ರಲ್ಲಿ ಇಟ್ಟರೆ ಸ್ಪಷ್ಟವಾಗಿರುವುದು 40 ಸೆಂಟಿಮೀಟರಿಗೂ ಕಡಿಮೆ. ಮುಖ ಒಳಗಿದ್ದರೆ ನಮ್ಮತ್ತ ಚಾಚಿದ ಕಾಲು ಹೊರಗೆ.

ಐಎಸ್‌ಒ ಎಷ್ಟು ಬೇಕೋ ಅಷ್ಟು ಏರಿಸಿ. ಬೆಳಕು ಕ್ಷಣಕ್ಷಣಕ್ಕೆ ಬದಲಾಗುತ್ತಿದ್ದರೆ ಆಟೊ ಐಎಸ್‌ಒ ಇಟ್ಟು 6400ರ ಮಿತಿ ಹಾಕಿ. ನಾಯ್ಸ್‌ನ ಕಾಳು (ಐಎಸ್‌ಒ ಏರಿದಾಗ ಮೂಡುವ ಚುಕ್ಕೆ) ಆಮೇಲೆ ತಗ್ಗುತ್ತದೆ, ಕರಗಿದ ಪಾದ ಮತ್ತೆ ಬರುವುದಿಲ್ಲ. ಫೈಲು ರಾ (ಕ್ಯಾಮೆರಾ ತಾನು ತಿದ್ದದೆ ಉಳಿಸುವ) ರೂಪದಲ್ಲಿರಲಿ.

ಫೋಕಸ್‌ಗೆ ಎರಡು ದಾರಿ. ನರ್ತಕರು ಒಂದೇ ಜಾಗದಲ್ಲಿ ಮೇಲೇರುವುದಾದರೆ ಸೀಮೆಸುಣ್ಣದ ಗುರುತಿನ ಮೇಲೆ ಸಹಾಯಕರನ್ನು ನಿಲ್ಲಿಸಿ, ಫೋಕಸ್ ಮಾಡಿ, ಮ್ಯಾನ್ಯುವಲ್‌ಗೆ ಬದಲಿಸಿ. ಆಮೇಲೆ ಆ ರಿಂಗನ್ನು ಮುಟ್ಟಬೇಡಿ. ಓಡಿಬಂದು ಜಿಗಿಯುವುದಾದರೆ ನಿರಂತರ ಫೋಕಸ್ ಹಾಕಿ. ಜನಸಂದಣಿಯಲ್ಲಿ ಕಣ್ಣು ಗುರುತಿಸುವ ಫೋಕಸ್ ಪಕ್ಕದವರ ಮುಖಕ್ಕೆ ಹಾರುವುದುಂಟು, ಅಂಥಲ್ಲಿ ಮೊದಲ ದಾರಿಯೇ ವಾಸಿ.

ಎಲೆಕ್ಟ್ರಾನಿಕ್ ಶಟರ್ ಬೇಡ, ಮೆಕ್ಯಾನಿಕಲ್ ಇರಲಿ. ಹಲವು ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ನಿಧಾನಕ್ಕೆ ಓದುವುದರಿಂದ ವೇಗದ ಕೈಕಾಲು ಬಾಗಿದಂತೆ ಬರುತ್ತವೆ. 1/2000 ಇಟ್ಟರೂ ಈ ಬಾಗು ಹೋಗುವುದಿಲ್ಲ.

ಮೊಬೈಲಿನವರಿಗೆ. ಮುಖ್ಯ ಲೆನ್ಸನ್ನೇ ಬಳಸಿ. ಅಲ್ಟ್ರಾವೈಡ್ ಅಂಚಿನ ಕೈಕಾಲನ್ನು ರಬ್ಬರಿನಂತೆ ಎಳೆಯುತ್ತದೆ. ಎಚ್‌ಡಿಆರ್, ನೈಟ್ ಮೋಡ್ ಆಫ್ ಮಾಡಿ. ಅವು ಹಲವು ಫ್ರೇಮುಗಳನ್ನು ಬೆಸೆಯುವುದರಿಂದ ಒಂದು ಕೈ ಎರಡಾಗಬಹುದು. ಪ್ರೊ ಮೋಡ್‌ನಲ್ಲಿ ಬರ್ಸ್ಟ್ (ಒಂದೇ ಒತ್ತಿಗೆ ಸಾಲಾಗಿ ಹಲವು ಫೋಟೊ) ಬರುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಿ, ಎಷ್ಟೋ ಫೋನುಗಳಲ್ಲಿ ಬರುವುದಿಲ್ಲ. 4ಕೆ ವಿಡಿಯೊದಿಂದ ಫ್ರೇಮು ಕೀಳುವ ಉಪಾಯವೂ ಇದೆ, ಸುಮಾರು 8 ಮೆಗಾಪಿಕ್ಸೆಲ್ ಸಿಗುತ್ತದೆ. ಆದರೆ ವಿಡಿಯೊದಲ್ಲೂ ಶಟರ್ ಸ್ಪೀಡನ್ನು 1/1000ಕ್ಕೆ ಏರಿಸಿರದಿದ್ದರೆ ಕೀಳುವ ಫ್ರೇಮೆಲ್ಲ ಮಸುಕೇ.

ಇದಕ್ಕೆ ಪೂರ್ತಿ ವಿರುದ್ಧವಾದ ಫೋಟೊವೊಂದುಂಟು, ಜಿಗಿತಕ್ಕಿಂತಲೂ ಚೆನ್ನಾಗಿ “ಇಲ್ಲೇ ಇದ್ದೇನೆ” ಎನ್ನುವಂಥದ್ದು. ಜನ ಹರಿಯುವ ಕಡೆ ನರ್ತಕರು ನಿಶ್ಚಲ ಭಂಗಿಯಲ್ಲಿ ನಿಲ್ಲಲಿ, ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಶಟರ್ 1/4 ಸೆಕೆಂಡು. ಸುತ್ತಲಿನವರು ಗೆರೆಗಳಾಗಿ ಕರಗುತ್ತಾರೆ, ನಡುವೆ ಒಬ್ಬರೇ ಸ್ಪಷ್ಟ. ಒಂಟಿಗಾಲಿನ ಭಂಗಿಯಾದರೆ ಕಂಬವನ್ನೋ ಕಟಕಟೆಯನ್ನೋ ಬೆರಳ ತುದಿಯಿಂದ ಮುಟ್ಟಿಕೊಂಡಿರಲು ಹೇಳಿ, ಸಣ್ಣ ತೂಗಾಟ ನಿಲ್ಲುತ್ತದೆ. ಹತ್ತು ಫ್ರೇಮಿನಲ್ಲಿ ಎರಡು ಮೂರು ನಿಂತರೂ ಲಾಭವೇ.

## ಹಂತ 5: ಕ್ಯಾಮೆರಾದ ಎತ್ತರ ಮತ್ತು ದೂರ

ನಿಂತ ಎತ್ತರದಿಂದ ತೆಗೆದ ಜಿಗಿತ ನೆಲಕ್ಕೆ ಅಂಟಿದಂತೆ ಕಾಣುತ್ತದೆ, ಪಾದದ ಹಿಂದೆ ನೆಲವೇ ಇರುವುದರಿಂದ. ಕ್ಯಾಮೆರಾವನ್ನು ನರ್ತಕರ ಮಂಡಿಯ ಎತ್ತರಕ್ಕೆ ಇಳಿಸಿ. ದಿಗಂತ ಕೆಳಗಿಳಿದು ಪಾದ ಅದರ ಮೇಲೆ ತೇಲುತ್ತದೆ. ನೆಲಕ್ಕೇ ಮಲಗಿದರೆ ಮಾತ್ರ ಅತಿಯಾಯಿತು, ಹತ್ತಿರದ ಪಾದ ದೊಡ್ಡದಾಗಿ ತಲೆ ನಿಂಬೆಹಣ್ಣಿನಷ್ಟಾಗುತ್ತದೆ.

35 ಎಂಎಂ ಲೆನ್ಸಿಗೆ 5 ಮೀಟರ್ ದೂರ ಸರಿ. ಅಡ್ಡ ಚೌಕಟ್ಟಿನಲ್ಲಿ ಸುಮಾರು 5 ಮೀಟರ್ ಅಗಲ, 3.4 ಮೀಟರ್ ಎತ್ತರ ಸಿಗುತ್ತದೆ, ಕೈಯೆತ್ತಿದ ಜಿಗಿತಕ್ಕೆ ಅದು ಸಾಕು. ಮೊಬೈಲಿಗೆ 3.5ರಿಂದ 4 ಮೀಟರ್. ನಾಲ್ಕೂ ಕಡೆ ಒಂದು ತೋಳಿನಷ್ಟು ಜಾಗ ಬಿಡಿ, ಬೇಡವಾದದ್ದನ್ನು ಆಮೇಲೆ ಕತ್ತರಿಸಬಹುದು. ಮಣಿಕಟ್ಟಿನಲ್ಲೋ ಕಣಕಾಲಿನಲ್ಲೋ ತುಂಡಾದ ಕೈಕಾಲನ್ನು ಜೋಡಿಸಲು ಬರುವುದಿಲ್ಲ. ಇಳಿಯುವ ನೆಲವೂ ಚೌಕಟ್ಟಿನೊಳಗೆ ಇರಲಿ. ನೆಲ ಕತ್ತರಿಸಿಹೋದರೆ ಜಿಗಿದದ್ದೋ, ಯಾವುದಾದರೂ ಸ್ಟೂಲಿನ ಮೇಲೆ ನಿಂತದ್ದೋ ಎಂಬ ಅನುಮಾನ ನೋಡುವವರಿಗೆ ಬರುತ್ತದೆ.

## ಹಂತ 6: ಜಿಗಿಯದೆ ತಾಲೀಮು

ನೀವು ಹಂತ 3ರಿಂದ 5ರವರೆಗಿನ ಕೆಲಸ ಮಾಡುತ್ತಿರುವಾಗ ನರ್ತಕರು ಮೈ ಬಿಸಿಮಾಡಿಕೊಳ್ಳುತ್ತಿರಬೇಕು, 15ರಿಂದ 20 ನಿಮಿಷ. ಚಳಿಯಿದ್ದರೆ ಮೇಲಂಗಿಯನ್ನು ಕೊನೆಯ ಗಳಿಗೆಯಲ್ಲಿ ತೆಗೆಯಲಿ. ಅವರನ್ನು ನಡುನಡುವೆ ಕರೆದು “ಒಂದು ನಿಮಿಷ ಇಲ್ಲಿ ನಿಲ್ಲಿ” ಎನ್ನಬೇಡಿ, ಸಹಾಯಕರನ್ನು ನಿಲ್ಲಿಸಿಕೊಳ್ಳಿ.

ಆಮೇಲೆ ನರ್ತಕರು ಇಡೀ ಚಲನೆಯನ್ನು ನಡಿಗೆಯಲ್ಲಿ ಮಾಡಿ ತೋರಿಸಲಿ. ಓಟ ಎಲ್ಲಿಂದ, ಯಾವ ಕಾಲಿನಿಂದ ಚಿಮ್ಮುವುದು, ಮುಖ ಯಾವ ಕಡೆ, ಇಳಿಯುವುದು ಎಲ್ಲಿ? ಚಿಮ್ಮುವ ಕಾಲು ಬದಲಾದರೆ ಮುಂಡ ನಮ್ಮ ಕಡೆ ತೆರೆಯುವ ಬದಲು ಬೆನ್ನು ತೋರಿಸಬಹುದು. ಆಗ ಅವರ ಚಲನೆ ಬದಲಿಸುವುದಕ್ಕಿಂತ ನೀವೇ ಆ ಬದಿಗೆ ಹೋಗುವುದು ಲೇಸು. ಚಿಮ್ಮುವ ಜಾಗಕ್ಕೂ ಇಳಿಯುವ ಜಾಗಕ್ಕೂ ಒಂದೊಂದು ಗುರುತು ಹಾಕಿ. ಕಾಲು ಭಾಗದಷ್ಟು ಶಕ್ತಿಯಲ್ಲಿ ಎರಡು ಸಲ ಮಾಡಿಸಿ, ಎಕ್ಸ್‌ಪೋಷರನ್ನೂ (ಫೋಟೊಗೆ ಬಂದ ಬೆಳಕು) ಹಿನ್ನೆಲೆಯನ್ನೂ ಆ ಫ್ರೇಮುಗಳಲ್ಲಿ ದೊಡ್ಡದು ಮಾಡಿ ನೋಡಿ. ಏನೇ ತಿದ್ದುವುದಿದ್ದರೂ ಈಗಲೇ ತಿದ್ದಿ.

## ಹಂತ 7: ಈಗ ಜಿಗಿತ

ಅರ್ಧ ಮೀಟರ್ ಎತ್ತರದ ಜಿಗಿತ ಗಾಳಿಯಲ್ಲಿ ಉಳಿಯುವುದು ಸುಮಾರು 0.64 ಸೆಕೆಂಡು. ಎತ್ತರದ ಮೇಲಿನ ಕಾಲು ಭಾಗದಲ್ಲೇ, ಅಂದರೆ ತುದಿಯ 12 ಸೆಂಟಿಮೀಟರಿನಷ್ಟರಲ್ಲಿ, ಅದರ ಅರ್ಧ ಹೊತ್ತು ಕಳೆಯುತ್ತದೆ, ಸುಮಾರು 0.32 ಸೆಕೆಂಡು. ಮೇಲೇರಿದ ದೇಹ ಅಲ್ಲಿ ಬಹುತೇಕ ನಿಂತೇಬಿಡುತ್ತದೆ. ಹಿಡಿಯಬೇಕಾದದ್ದು ಅದನ್ನು.

ಆದರೆ ಅದನ್ನು ಕಣ್ಣಿಂದ ಕಂಡ ಮೇಲೆ ಒತ್ತಿದರೆ ತಡವಾಯಿತು. ಕಂಡದ್ದಕ್ಕೆ ಬೆರಳು ಓಗೊಡಲು 0.2 ಸೆಕೆಂಡು ಬೇಕು, ಕ್ಯಾಮೆರಾದ ತಡ ಬೇರೆ. ಇಳಿಯುತ್ತಿರುವ ಫೋಟೊಗಳೇ ಹೆಚ್ಚು ಸಿಗುವುದು ಇದರಿಂದ. ನೋಡಬೇಕಾದದ್ದು ಮಂಡಿಯನ್ನು: ಚಿಮ್ಮುವ ಮೊದಲು ಮಂಡಿ ಬಾಗುತ್ತದೆ, ಅಲ್ಲಿಂದ ಎಣಿಕೆ ಶುರು. ಪಾದ ನೆಲ ಬಿಡುತ್ತಿದ್ದಂತೆ ಒತ್ತಿದರೆ ಶಟರ್ ತುದಿಯ ಹತ್ತಿರ ಬಿಚ್ಚುತ್ತದೆ. ಎರಡು ಜಿಗಿತದಲ್ಲಿ ಬೆರಳಿಗೆ ಅಂದಾಜು ಕೂಡುತ್ತದೆ. “ಒಂದು, ಎರಡು, ಮೂರು” ಎಂದು ನೀವು ಎಣಿಸಬೇಡಿ. ನರ್ತಕರೇ ತಮ್ಮ ಉಸಿರಿನ ಲಯದಲ್ಲಿ ಎಣಿಸಲಿ, ನೀವು ಅದಕ್ಕೆ ಹೊಂದಿಕೊಳ್ಳಿ.

ಬರ್ಸ್ಟ್ ಇದ್ದಮೇಲೆ ಇದೆಲ್ಲ ಏಕೆ? ಸೆಕೆಂಡಿಗೆ 10 ಫ್ರೇಮು ಎಂದರೆ ಇಡೀ ಜಿಗಿತಕ್ಕೆ ಆರು, ತುದಿಗೆ ಮೂರು. ಕಾಲು ಪೂರ್ತಿ ಚಾಚಿದ ಕ್ಷಣ ಎರಡು ಫ್ರೇಮುಗಳ ನಡುವೆ ಜಾರಿಹೋಗಲು ಅಷ್ಟು ಸಾಕು. ಸರಿಯಾದ ಹೊತ್ತಿಗೆ ಒತ್ತಿ, ಅಲ್ಲಿಂದ ಬರ್ಸ್ಟ್ ಓಡಲಿ. ಇಳಿದ ಮೇಲೂ ಒಂದು ಸೆಕೆಂಡು ಬೆರಳು ತೆಗೆಯಬೇಡಿ. ಇಳಿದೊಡನೆ ಬರುವ ನಗುವನ್ನು ಬಹಳ ಮಂದಿ ಕಳೆದುಕೊಳ್ಳುತ್ತಾರೆ, ಎಷ್ಟೋ ಸಲ ಜಿಗಿತಕ್ಕಿಂತ ಅದೇ ಒಳ್ಳೆಯ ಫೋಟೊ.

ಬಟ್ಟೆ ಮತ್ತು ಕೂದಲಿಗೆ ಲೆಕ್ಕ ಬೇರೆ. ಮೇಲೇರುವಾಗ ಅವು ಮೈಗೆ ಅಂಟಿರುತ್ತವೆ, ದೇಹ ಇಳಿಯತೊಡಗಿದಾಗ ಮೇಲೇಳುತ್ತವೆ. ಹಾರುವ ದುಪಟ್ಟಾ ಬೇಕಿದ್ದರೆ ತುದಿಯನ್ನು ದಾಟಿದ ಮರುಗಳಿಗೆಗೆ ಕಾಯಿರಿ.

ಸುತ್ತು ತಿರುಗುವವರ ಮುಖ ಮಸುಕಾಗುತ್ತಿದ್ದರೆ ಶಟರನ್ನು ಬೈಯುವ ಮೊದಲು ನೀವು ನಿಂತ ಜಾಗ ನೋಡಿ. ಪಳಗಿದ ನರ್ತಕರು ತಿರುಗುವಾಗ ಒಂದು ಬಿಂದುವಿನ ಮೇಲೆ ದೃಷ್ಟಿ ನಿಲ್ಲಿಸಿ, ಮೈ ತಿರುಗಿದರೂ ತಲೆಯನ್ನು ತಡೆದಿಟ್ಟು, ಕೊನೆಗೆ ಫಕ್ಕನೆ ಹೊರಳಿಸಿ ಅದೇ ಬಿಂದುವಿಗೆ ತರುತ್ತಾರೆ. ಆ ಬಿಂದು ಯಾವುದೆಂದು ಕೇಳಿ, ಅದರ ಪಕ್ಕಕ್ಕೆ ಹೋಗಿ ನಿಲ್ಲಿ. ಪ್ರತಿ ಸುತ್ತಿನಲ್ಲೂ ಮುಖ ಒಂದು ಕ್ಷಣ ಸ್ಥಿರವಾಗಿ ನಿಮ್ಮ ಕಡೆ ಇರುತ್ತದೆ.

## ಹಂತ 8: ಮುಖದಲ್ಲಿ ಖುಷಿ

“ನಗಿ” ಎಂದ ಕೂಡಲೇ ಬಾಯಿ ನಗುತ್ತದೆ, ಕಣ್ಣು ಲೆಕ್ಕ ಹಾಕುತ್ತಿರುತ್ತದೆ. ಜಿಗಿಯುವಾಗ ಉಸಿರು ಬಿಗಿಹಿಡಿಯುವುದು ಎಲ್ಲರಿಗೂ ಅಭ್ಯಾಸ. ಅದರಿಂದ ದವಡೆ ಬಿಗಿದು ಕುತ್ತಿಗೆಯ ನರ ಏಳುತ್ತದೆ. ಚಿಮ್ಮುವಾಗ ಉಸಿರು ಬಿಡಲು, ಬೇಕಿದ್ದರೆ ಸದ್ದುಮಾಡಿ ಕೂಗಲು ಹೇಳಿ. ತುಟಿ ಸಡಿಲವಾದರೆ ಮುಖದ ಅರ್ಧ ಸಮಸ್ಯೆ ಮುಗಿಯಿತು.

ಮುಂದೆ, ಭಾವದ ಹೆಸರು ಹೇಳದೆ ಕೆಲಸ ಕೊಡಿ. ಹಂತ 1ರಲ್ಲಿ ಬರೆದ ವಾಕ್ಯ ಇಲ್ಲಿ ನೆರವಿಗೆ ಬರುತ್ತದೆ. ಪತ್ರ ಹಿಡಿಯುವುದಾದರೆ ಸಹಾಯಕರು ನಿಜವಾಗಿ ಹಾಳೆಯೊಂದನ್ನು ಗಾಳಿಗೆ ಬಿಡಲಿ, ನರ್ತಕರು ನಿಜವಾಗಿ ಹಿಡಿಯಲಿ. ಹಿಡಿಯಬೇಕಾದ ವಸ್ತು ಎದುರಿಗಿದ್ದರೆ ಕ್ಯಾಮೆರಾ ಮರೆತುಹೋಗುತ್ತದೆ, ಕಣ್ಣಿಗೆ ಒಂದು ನೆಲೆ ಸಿಗುತ್ತದೆ. ಪ್ರತಿ ಸಲವೂ ಹಾಳೆ ಬೇರೆ ದಿಕ್ಕಿಗೆ ಹೋಗುವುದರಿಂದ ಆರನೆಯ ಜಿಗಿತವೂ ಮೊದಲನೆಯದರಷ್ಟೇ ಹೊಸದು. ಖಾಲಿ ಗಾಳಿಯನ್ನು ಹಿಡಿಯುವ ಅಭಿನಯ ಎರಡನೆಯ ಸಲಕ್ಕೇ ಸಪ್ಪೆ.

ಪ್ರತಿ ಜಿಗಿತದ ನಂತರ ಪರದೆಯನ್ನು ನೋಡುತ್ತ ಸುಮ್ಮನಾಗುವುದು ದೊಡ್ಡ ತಪ್ಪು. ಆ ಮೌನದಲ್ಲಿ ನರ್ತಕರು ಊಹಿಸಿಕೊಳ್ಳುವುದು “ಚೆನ್ನಾಗಿ ಬರಲಿಲ್ಲ” ಎಂದೇ. ಮೂರು ಜಿಗಿತಕ್ಕೊಮ್ಮೆ ಒಟ್ಟಿಗೆ ನೋಡಿ, ತಿದ್ದುವುದನ್ನು ಒಂದೇ ಒಂದು ಹೇಳಿ. “ಎಡಗೈ ಇನ್ನಷ್ಟು ಹಿಂದೆ” ಎಂದರೆ ಮಾಡಬಹುದು, “ಇನ್ನೂ ಸಹಜವಾಗಿ” ಎಂದರೆ ಯಾರಿಗೂ ಏನೂ ಮಾಡಲಾಗದು.

## ಹಂತ 9: ನಿಲ್ಲಿಸುವ ಹೊತ್ತು

ಐದು ಆರು ಜಿಗಿತಕ್ಕೊಮ್ಮೆ ಎರಡು ಮೂರು ನಿಮಿಷ ಬಿಡುವು ಕೊಡಿ. ಒಂದು ಜಾಗಕ್ಕೆ ಇಪ್ಪತ್ತು ಪೂರ್ಣ ಜಿಗಿತ ನಮ್ಮ ಮೇಲ್ಮಿತಿ, ಕಾಂಕ್ರೀಟಾದರೆ ಹದಿನೈದಕ್ಕೇ ಸಾಕು. ಎಣಿಕೆ ಮುಗಿಯದಿದ್ದರೂ ನಿಲ್ಲಿಸಬೇಕಾದ ಸೂಚನೆಗಳಿವೆ: ಇಳಿಯುವ ಸದ್ದು ದಪ್ಪವಾಗುವುದು, ಒಂದೇ ಕಾಲಿನ ಮೇಲೆ ಭಾರ ಹಾಕುವುದು, ಇಳಿದಾಗ ಹಿಮ್ಮಡಿ ನೆಲಕ್ಕೆ ಮುಟ್ಟದಿರುವುದು, ಕಣಕಾಲು ಅದುರುವುದು, ಮಾತು ಕಡಿಮೆಯಾಗುವುದು. ಸದ್ದನ್ನು ನಂಬಿ. ನರ್ತಕರು ಬಾಯಲ್ಲಿ “ಇನ್ನೊಂದು ಸಲ ಮಾಡುತ್ತೇನೆ” ಎನ್ನುತ್ತಲೇ ಇರುತ್ತಾರೆ, ಅವರಿಗೆ ಬೆಳೆದುಬಂದ ಶಿಸ್ತೇ ಹಾಗೆ. ಬೇಡವೆನ್ನಬೇಕಾದವರು ನೀವು.

## ಹಂತ 10: ಆರಿಸುವುದು, ತಿದ್ದುವುದು

ಮೊದಲ ಸುತ್ತಿನಲ್ಲಿ ಫೋಟೊಗಳನ್ನು ಹೆಬ್ಬೆರಳಿನಷ್ಟು ಚಿಕ್ಕದಾಗಿ ನೋಡಿ. ಆ ಗಾತ್ರದಲ್ಲೂ ದೇಹದ ಆಕಾರ ಓದಲು ಬರದಿದ್ದರೆ ದೊಡ್ಡದು ಮಾಡಿದರೂ ಬರದು. ಎರಡನೆಯ ಸುತ್ತಿನಲ್ಲಿ ದೇಹವನ್ನು ಬೆರಳಿನಿಂದ ಮುಚ್ಚಿ ಮುಖ ಮಾತ್ರ ನೋಡಿ, ಆಮೇಲೆ ಮುಖ ಮುಚ್ಚಿ ದೇಹ ನೋಡಿ. ಎರಡೂ ಒಂದೇ ಮಾತು ಹೇಳುತ್ತಿರಬೇಕು. ಉಳಿದ ಹತ್ತು ಹದಿನೈದನ್ನು ನರ್ತಕರೊಂದಿಗೆ ಕೂತು ನೋಡಿ. ನಿಮಗೆ ಅದ್ಭುತವೆನ್ನಿಸಿದ್ದರಲ್ಲಿ ಅವರಿಗೆ ಸೊಟ್ಟ ಪಾದ ಕಾಣುತ್ತದೆ. ಅವರು ಬೇಡವೆಂದದ್ದು ಬೇಡ.

ತಿದ್ದುವಾಗ ದಿಗಂತ ನೇರಮಾಡಿ, ಮುಖದ ನೆರಳನ್ನು ತುಸು ಎತ್ತಿ, ಸಾಕು. ಜಿಗಿತವನ್ನು ಕಂಪ್ಯೂಟರಿನಲ್ಲಿ ಎತ್ತರಿಸುವುದು, ಪಾದದಡಿಯ ನೆರಳು ಅಳಿಸುವುದು, ಚರ್ಮ ನುಣುಪು ಮಾಡುವುದು ಬೇಡ. ನಿಜವಾಗಿ ನಡೆದದ್ದು ಎಂಬ ನಂಬಿಕೆಯೇ ಇಂಥ ಫೋಟೊದ ಬಂಡವಾಳ, ಒಂದು ಕಡೆ ಕೈಯಾಡಿಸಿದ್ದು ಗೊತ್ತಾದರೆ ಉಳಿದದ್ದನ್ನೂ ನಂಬುವುದಿಲ್ಲ.

## ಫೋಟೊ ನೋಡಿ ತಪ್ಪು ಹುಡುಕಲು

ಇಡೀ ಫೋಟೊ ಮಸುಕು, ಹಿನ್ನೆಲೆಯೂ ಸೇರಿ: ಕ್ಯಾಮೆರಾ ಅಲುಗಿದೆ ಅಥವಾ ಶಟರ್ ಸ್ಪೀಡ್ ತಾನಾಗಿ ಇಳಿದಿದೆ. ಮ್ಯಾನ್ಯುವಲ್ ಮೋಡ್‌ನಲ್ಲಿದ್ದೀರಾ ನೋಡಿಕೊಳ್ಳಿ.

ಹಿನ್ನೆಲೆ ಸ್ಪಷ್ಟ, ನರ್ತಕರು ಪೂರ್ತಿ ಮೆತ್ತಗೆ: ಫೋಕಸ್ ಗೋಡೆಗೆ ಹೋಗಿದೆ. ಗುರುತಿನ ಮೇಲೆ ಮತ್ತೆ ಫೋಕಸ್ ಮಾಡಿ ಬೀಗ ಹಾಕಿ.

ಮುಖ ಸ್ಪಷ್ಟ, ಕೈ ಪಾದ ಮಾತ್ರ ಮಸುಕು: ಶಟರ್ ಸ್ಪೀಡನ್ನು ದುಪ್ಪಟ್ಟು ಮಾಡಿ (1/1000 ಇದ್ದರೆ 1/2000).

ಮಂಡಿ ಮಡಚಿದೆ, ಕೂದಲು ಮೇಲೆದ್ದಿದೆ: ತಡವಾಗಿ ಒತ್ತಿದ್ದೀರಿ. ಕೂದಲು ತಲೆಗೆ ಅಂಟಿ ಕೈಗಳು ಇನ್ನೂ ಬಿಚ್ಚಿಕೊಳ್ಳದಿದ್ದರೆ ಬೇಗ ಒತ್ತಿದ್ದೀರಿ.

ಎತ್ತರ ಜಿಗಿದರೂ ಎತ್ತರ ಕಾಣುತ್ತಿಲ್ಲ: ಕ್ಯಾಮೆರಾ ಇಳಿಸಿ. ಇಳಿಸಿಯೂ ಕಾಣದಿದ್ದರೆ ಪಾದದ ಹಿಂದೆ ಗೋಡೆಯ ಅಡಿಪಟ್ಟಿಯೋ ಮೆಟ್ಟಿಲೋ ಬಂದು ಸೇರಿಕೊಂಡಿರುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ತಾಂತ್ರಿಕವಾಗಿ ಎಲ್ಲ ಸರಿ, ಆದರೂ ಜಾಹೀರಾತಿನಂತಿದೆ: ಸೆಟ್ಟಿಂಗ್ ಮುಟ್ಟಬೇಡಿ. ಹಂತ 1ಕ್ಕೆ ಹೋಗಿ ಬೇರೆ ವಾಕ್ಯ ಬರೆಯಿರಿ, ನರ್ತಕರ ಕೈಗೆ ನಿಜವಾದ ವಸ್ತುವೊಂದನ್ನು ಕೊಡಿ.